ಐದು ಸ್ವಿಚ್ಚು, ಒಂದು ಕುರ್ಚಿ: ಡಾಲೆಕ್‌ಗಳ ಹುಟ್ಟಿನ ಕಥೆಗೆ ಕತ್ತರಿ ಹಾಕುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
‘ಡಾಕ್ಟರ್ ಹೂ’ ಧಾರಾವಾಹಿಯ ನಿರ್ಮಾಪಕರು, ಕಥೆಗಾರರು ಮತ್ತು ಸಂಕಲನಕಾರರು,
ಬಿಬಿಸಿ, ಬ್ರಿಟನ್.

ಮಾನ್ಯರೇ,

ಪತ್ರ ಕನ್ನಡದಲ್ಲಿದೆ ಎಂದು ಬೇಸರ ಬೇಡ. ಕಂಡಕಂಡ ಗ್ರಹದ ಭಾಷೆಯನ್ನೆಲ್ಲ ಇಂಗ್ಲಿಷ್ ಮಾಡಿಕೊಡುವ ಟಾರ್ಡಿಸ್ ಎಂಬ ಕಾಲಯಂತ್ರ ನಿಮ್ಮ ಮನೆಯಲ್ಲೇ ಇದೆ. ಅದಕ್ಕೆ ಕನ್ನಡ ದೊಡ್ಡ ಮಾತಲ್ಲ. ಇಲ್ಲಿಯ ಓದುಗರಿಗೂ ವಿಷಯ ತಿಳಿಯಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇವೆ.

2023ರ ನವೆಂಬರಿನಲ್ಲಿ ಒಂದು ವಾರದೊಳಗೆ ನೀವು ಎರಡು ಕೆಲಸ ಮಾಡಿದಿರಿ. 17ರಂದು ‘ಚಿಲ್ಡ್ರನ್ ಇನ್ ನೀಡ್’ ಸಹಾಯಾರ್ಥ ಕಾರ್ಯಕ್ರಮದ ಒಂದು ಕಿರುಕಥೆಯಲ್ಲಿ, ಲೋಹದ ಕವಚದೊಳಗಿನ ಕೊಲೆಗಡುಕ ಜೀವಿಗಳಾದ ಡಾಲೆಕ್‌ಗಳ ಜನಕ ಡಾವ್ರೊಸ್‌ನನ್ನು ಗಾಲಿಕುರ್ಚಿಯಿಂದ ಎಬ್ಬಿಸಿ ನಿಲ್ಲಿಸಿದಿರಿ. 23ರಂದು, ಧಾರಾವಾಹಿಗೆ 60 ತುಂಬಿದ ದಿನ, ಮೊದಲ ಡಾಲೆಕ್ ಕಥೆಯ ಏಳು ಕಂತುಗಳಿಗೆ ಬಣ್ಣ ತುಂಬಿ 75 ನಿಮಿಷಕ್ಕೆ ಇಳಿಸಿ ಪ್ರಸಾರ ಮಾಡಿದಿರಿ. ಕತ್ತರಿಯ ರುಚಿಯೂ ಹತ್ತಿದೆ, ಕುರ್ಚಿಯ ಬಗ್ಗೆ ಸಂಕೋಚವೂ ಹುಟ್ಟಿದೆ. ಇವೆರಡೂ ಸೇರಿ 1975ರ ‘ಜೆನೆಸಿಸ್ ಆಫ್ ದಿ ಡಾಲೆಕ್ಸ್’ ಮೇಲೆ ಬೀಳುವ ದಿನ ಬಂದೀತು ಎಂಬ ಅಳುಕಿನಿಂದ ಈ ಪತ್ರ. ಬಿದ್ದ ಮೇಲೆ ಬರೆದು ಪ್ರಯೋಜನವಿಲ್ಲ.

ಕಥೆ ಗೊತ್ತಿಲ್ಲದವರಿಗಾಗಿ ಎರಡು ಮಾತು. 1975ರ ಮಾರ್ಚ್ 8ರಿಂದ ಏಪ್ರಿಲ್ 12ರವರೆಗೆ ಆರು ಶನಿವಾರ, ಸುಮಾರು 25 ನಿಮಿಷದ ಆರು ಕಂತು. ಬರೆದವರು ಟೆರ್ರಿ ನೇಷನ್, ನಿರ್ದೇಶನ ಡೇವಿಡ್ ಮಲೋನಿಯವರದು, ಕಾಲದಲ್ಲಿ ಹಿಂದೆಮುಂದೆ ಓಡಾಡುವ ನಾಯಕ ಡಾಕ್ಟರ್ ಆಗಿ ಟಾಮ್ ಬೇಕರ್, ಡಾವ್ರೊಸ್ ಆಗಿ ಮೈಕೆಲ್ ವಿಷರ್. ನೇಷನ್ ಮೊದಲು ತಂದುಕೊಟ್ಟದ್ದು ಬೇರೆಯದೇ ಕಥೆ. ಇದನ್ನು ನೀವು ನಮಗೆ ಮೊದಲೇ ಮಾರಿದ್ದೀರಲ್ಲ, ಅದರ ಬದಲು ಡಾಲೆಕ್‌ಗಳು ಹುಟ್ಟಿದ್ದು ಹೇಗೆ ಅಂತ ಬರೆಯಬಾರದೇ ಎಂದು ಅಂದಿನ ನಿರ್ಮಾಪಕ ಬ್ಯಾರಿ ಲೆಟ್ಸ್ ಮತ್ತು ಸ್ಕ್ರಿಪ್ಟ್ ನೋಡಿಕೊಳ್ಳುತ್ತಿದ್ದ ಟೆರನ್ಸ್ ಡಿಕ್ಸ್ ಸೂಚಿಸಿದರಂತೆ. ಸ್ಕಾರೊ ಗ್ರಹದಲ್ಲಿ ಥಾಲ್ ಮತ್ತು ಕಾಲೆಡ್ ಎಂಬ ಎರಡು ಜನಾಂಗಗಳ ನಡುವೆ ಸಾವಿರ ವರ್ಷದಿಂದ ಯುದ್ಧ. ಉಳಿದಿರುವುದು ಎದುರುಬದುರಾಗಿ ಎರಡು ಗುಮ್ಮಟದ ಊರು, ನಡುವೆ ಕಂದಕ. ಕಾಲೆಡ್‌ಗಳ ಮುಖ್ಯ ವಿಜ್ಞಾನಿ ಡಾವ್ರೊಸ್ ನೆಲಮಾಳಿಗೆಯಲ್ಲಿ ಕೂತು ಡಾಲೆಕ್ ಕಟ್ಟುತ್ತಿದ್ದಾನೆ. ಇದನ್ನು ತಡೆ, ಇಲ್ಲವೇ ಅವುಗಳ ಸ್ವಭಾವ ಮೆತ್ತಗಾಗುವಂತೆ ಮಾಡು, ಅದೂ ಆಗದಿದ್ದರೆ ಹುಟ್ಟಿನಲ್ಲೇ ಇರುವ ಒಂದು ದೌರ್ಬಲ್ಯ ಹುಡುಕಿ ಬಾ ಎಂದು ಡಾಕ್ಟರನ ಕುಲದವರಾದ ಕಾಲಾಧಿಪತಿಗಳು ಅವನನ್ನು ಕಳಿಸುತ್ತಾರೆ. ಕಾಲೆಡ್, ಡಾಲೆಕ್: ಇಂಗ್ಲಿಷಿನಲ್ಲಿ ಇದು ಅಕ್ಷರ ಕಲಸಿದ ಆಟ, ಕನ್ನಡದಲ್ಲಿ ಬರೆದರೆ ಮೊದಲಿನ ‘ಕ’, ಕೊನೆಯ ‘ಡ’ ಜಾಗ ಬದಲಾಯಿಸಿಕೊಂಡಿವೆ, ಅಷ್ಟೆ. ಜನಾಂಗ ಅದೇ, ಹಿಂದುಮುಂದಾಗಿದೆ.

ಈಗ ನಮ್ಮ ತಕರಾರು. ಈ ಕಥೆಯನ್ನು ಎಲ್ಲರೂ ಒಬ್ಬ ದುಷ್ಟನ ಕಥೆಯಾಗಿ ನೆನಪಿಟ್ಟುಕೊಂಡಿದ್ದಾರೆ. 75 ನಿಮಿಷಕ್ಕೆ ಇಳಿಸುವವರಿಗೂ ಸಹಜವಾಗಿ ಹಾಗೆಯೇ ತೋರುತ್ತದೆ: ಡಾವ್ರೊಸ್‌ನ ಭಾಷಣಗಳನ್ನು ಇಟ್ಟುಕೊಂಡು ಉಳಿದದ್ದನ್ನು ತೆಗೆಯೋಣ ಅಂತ. ಹಾಗೆ ಮಾಡಿದರೆ ಕಥೆ ಸತ್ತಂತೆ. ಇದು ಒಂದು ಕಾರ್ಯಾಗಾರದ ಕಥೆ. ಯಾರು ಆದೇಶ ಕೊಟ್ಟರು, ಯಾರು ಬೇಡ ಅಂದರು, ಬೇಡ ಅಂದವನು ಮಾರನೆಯ ದಿನ ಏನಾದ, ಯಂತ್ರವನ್ನು ನಿಲ್ಲಿಸುವ ಗುಂಡಿ ಯಾವಾಗ ಯಾರ ಕೈಯಲ್ಲಿತ್ತು, ಇವುಗಳ ಲೆಕ್ಕ. ನಂಬಿಕೆಯಾಗದಿದ್ದರೆ ಸ್ವಿಚ್ಚುಗಳನ್ನು ಎಣಿಸಿ ನೋಡಿ.

ಮೊದಲನೆಯದು ಎರಡನೇ ಕಂತಿನಲ್ಲಿ. ಡಾವ್ರೊಸ್ ತನ್ನ ‘ಸಂಚಾರಯಂತ್ರ’ದ ಮೂರನೇ ಮಾದರಿಯನ್ನು ಸಹೋದ್ಯೋಗಿಗಳಿಗೆ ತೋರಿಸುತ್ತಾನೆ. ಎಡಕ್ಕೆ ತಿರುಗು, ಬಲಕ್ಕೆ ತಿರುಗು ಅನ್ನುವುದೆಲ್ಲ ಮುಗಿದ ಮೇಲೆ ಅದಕ್ಕೆ ಅದರ ಬುದ್ಧಿ ಅದರ ಕೈಗೇ ಕೊಡುತ್ತಾನೆ. ಯಂತ್ರ ಕೋಣೆಯಲ್ಲೆಲ್ಲ ಕಣ್ಣಾಡಿಸಿ, ಸೆರೆಯಾಳಾಗಿ ನಿಂತ ಡಾಕ್ಟರ್ ತಮ್ಮವನಲ್ಲ ಎಂದು ಗುರುತಿಸಿ, ಯಾರೂ ಹೇಳದೆಯೇ ಕೊಲ್ಲಲು ಮುಂದಾಗುತ್ತದೆ. ರಾನ್ಸನ್ ಎಂಬ ವಿಜ್ಞಾನಿ ಧಾವಿಸಿ ಸ್ವಿಚ್ಚು ಆರಿಸುತ್ತಾನೆ. ಡಾವ್ರೊಸ್ ಸಿಡಿಮಿಡಿಗೊಳ್ಳುತ್ತಾನೆ, ವಿಚಾರಣೆಗೆ ಬೇಕಾದ ಕೈದಿ ಎಂದು ರಾನ್ಸನ್ ಸಬೂಬು ಹೇಳುತ್ತಾನೆ. ಇಡೀ ಕಥೆಯಲ್ಲಿ ಡಾಲೆಕ್ ಒಂದನ್ನು ಮನುಷ್ಯನ ಕೈ ಸ್ವಿಚ್ಚಿನಿಂದ ಆರಿಸಿದ್ದು ಇದೊಂದೇ ಸಲ. ನಾಲ್ಕನೇ ಕಂತಿನಲ್ಲಿ ಡಾವ್ರೊಸ್ ಇದೇ ರಾನ್ಸನ್‌ನನ್ನು ದ್ರೋಹಿ ಎಂದು ಹೆಸರಿಟ್ಟು ಡಾಲೆಕ್‌ನಿಂದಲೇ ಕೊಲ್ಲಿಸುತ್ತಾನೆ. ಮೊದಲ ದೃಶ್ಯ ಕತ್ತರಿಸಿದರೆ ಎರಡನೆಯದು ಬರೀ ಕ್ರೌರ್ಯ. ಎರಡೂ ಇದ್ದರೆ ಅದು ಲೆಕ್ಕ ಚುಕ್ತಾ.

ಎರಡನೆಯ ಸ್ವಿಚ್ಚು ಡಾವ್ರೊಸ್‌ನ ಕುರ್ಚಿಯ ಮೇಲೇ ಇದೆ. ಐದನೇ ಕಂತು. ಎಲ್ಲ ಜೀವಿಗಳನ್ನೂ ಅಳಿಸಿಹಾಕುವ ವೈರಸ್ಸೊಂದು ನಿನ್ನ ಕೈಯಲ್ಲಿದ್ದರೆ ಬಿಡುಗಡೆ ಮಾಡುತ್ತೀಯಾ ಎಂದು ಡಾಕ್ಟರ್ ಕೇಳುತ್ತಾನೆ. ಡಾವ್ರೊಸ್ ಮೊದಲು ವಿಜ್ಞಾನಿಯಂತೆ ಕುತೂಹಲದಿಂದ ಯೋಚಿಸುತ್ತಾನೆ, ಆಮೇಲೆ ಇಲ್ಲದ ಗಾಜಿನ ಕುಪ್ಪಿಯನ್ನು ಬೆರಳ ನಡುವೆ ಹಿಡಿದಂತೆ ಕೈ ಎತ್ತಿ, ಹಿಂಡಿ, ಹೌದು ಅನ್ನುತ್ತಾನೆ. ಎಲ್ಲರೂ ಹೊಗಳುವ ದೃಶ್ಯ, ಹೊಗಳಬೇಕಾದ್ದೇ. ಆದರೆ ಅದರ ಬೆನ್ನಿಗೇ ಬರುವುದನ್ನು ನೋಡಿ. ಡಾಕ್ಟರ್ ಅವನ ಕೈಯನ್ನು ಗಬಕ್ಕನೆ ಹಿಡಿದು ಕುರ್ಚಿಯ ಜೀವರಕ್ಷಕ ಸ್ವಿಚ್ಚಿನ ಮೇಲೆ ಬೆರಳಿಡುತ್ತಾನೆ: ಡಾಲೆಕ್ ತಯಾರಿಕೆ ನಿಲ್ಲಿಸುವ ಆದೇಶ ಕೊಡು, ಇಲ್ಲದಿದ್ದರೆ ಇದನ್ನು ಒತ್ತುತ್ತೇನೆ. ಡಾವ್ರೊಸ್ ಆದೇಶ ಕೊಡಬೇಕಾಗುತ್ತದೆ. ಅಷ್ಟರಲ್ಲಿ ಹಿಂದಿನಿಂದ ಡಾವ್ರೊಸ್‌ನ ಬಲಗೈ ಬಂಟ ನೈಡರ್ ಬಂದು ಡಾಕ್ಟರನ ತಲೆಗೆ ಬಾರಿಸಿ ಎಲ್ಲ ಕೆಡಿಸುತ್ತಾನೆ, ಆದೇಶ ರದ್ದು. ಮುಂದಿನ ಕಂತಿನ ದೊಡ್ಡ ಪ್ರಶ್ನೆಗೆ ಇದು ಪೀಠಿಕೆ. ಇಲ್ಲಿ ಡಾಕ್ಟರ್ ಒಬ್ಬನ ಜೀವ ತೆಗೆಯುವ ಬೆದರಿಕೆಗೆ ಅಳುಕಲಿಲ್ಲ, ಅಲ್ಲಿ ಅಳುಕುತ್ತಾನೆ.

ಮೂರನೆಯದು ಸ್ವಿಚ್ಚೂ ಅಲ್ಲ, ಎರಡು ಬರಿಯ ತಂತಿ. ಆರನೇ ಕಂತಿನ ಆರಂಭ. ಡಾಲೆಕ್ ಮರಿಗಳನ್ನು ಬೆಳೆಸುವ ಕೋಣೆಗೆ ಸ್ಫೋಟಕ ಕಟ್ಟಿ, ಎರಡೂ ತಂತಿಯ ತುದಿಗಳನ್ನು ಡಾಕ್ಟರ್ ಕೈಯಲ್ಲಿ ಹಿಡಿದಿದ್ದಾನೆ. ತಾಗಿಸಿದರೆ ಮುಗಿಯಿತು. ನನಗೆ ಆ ಹಕ್ಕಿದೆಯೇ ಎಂದು ಕೇಳಿಕೊಳ್ಳುತ್ತಾನೆ. ಮುಂದೆ ಕ್ರೂರ ಸರ್ವಾಧಿಕಾರಿಯಾಗುವ ಒಂದು ಮಗುವನ್ನು ತೋರಿಸಿದರೆ ಅದನ್ನು ನೀನು ಕೊಲ್ಲಬಲ್ಲೆಯಾ ಎಂದು ಜೊತೆಗಾರ್ತಿ ಸಾರಾಳನ್ನು ಕೇಳುತ್ತಾನೆ. ಡಾವ್ರೊಸ್ ವಿರುದ್ಧ ತಿರುಗಿಬಿದ್ದ ವಿಜ್ಞಾನಿ ಗಾರ್ಮನ್ ಹೊರಗಿನಿಂದ ಬಂದು, ಡಾವ್ರೊಸ್ ನಮ್ಮ ಷರತ್ತಿಗೆ ಒಪ್ಪಿದ್ದಾನೆ ಅಂದೊಡನೆ ಡಾಕ್ಟರ್ ಬದುಕಿದೆಯಾ ಬಡಜೀವವೇ ಎಂಬಂತೆ ತಂತಿಗಳನ್ನು ಕಿತ್ತು ಬಿಸಾಡುತ್ತಾನೆ.

ಅರ್ಧ ಶತಮಾನದಿಂದ ಎಲ್ಲರೂ ಉಲ್ಲೇಖಿಸುವುದು ಇಷ್ಟನ್ನೇ. ಮುಂದಿನದನ್ನು ಮರೆಯುತ್ತಾರೆ. ಒಪ್ಪಂದ ಸುಳ್ಳು ಎಂದು ಗೊತ್ತಾದ ಮೇಲೆ ಡಾಕ್ಟರ್ ಅದೇ ಕೋಣೆಗೆ ವಾಪಸು ಬರುತ್ತಾನೆ, ಈ ಸಲ ಪ್ರಶ್ನೆ ಕೇಳಿಕೊಳ್ಳದೆ ಅದೇ ಕೆಲಸಕ್ಕೆ ಕೈಹಾಕುತ್ತಾನೆ. ಡಾಲೆಕ್ ಒಂದು ಗುಂಡು ಹಾರಿಸುತ್ತಾ ಬಂದು ಅವನನ್ನು ಓಡಿಸುತ್ತದೆ. ಬರುವ ಭರದಲ್ಲಿ ತಾನೇ ತಂತಿಗಳ ಮೇಲೆ ಹಾದು, ಸರ್ಕ್ಯೂಟ್ ಕೂಡಿಸಿ, ತನ್ನ ಸಂತಾನವನ್ನು ತಾನೇ ಸ್ಫೋಟಿಸುತ್ತದೆ. ಪ್ರಶ್ನೆ ಕೇಳಿದವನು ಡಾಕ್ಟರ್, ಉತ್ತರ ಕೊಟ್ಟದ್ದು ಡಾಲೆಕ್‌ನ ತಗಡಿನ ಬುಡ. ಪ್ರಶ್ನೆಯನ್ನು ಪೂರ್ತಿ ಇಟ್ಟು, ಉತ್ತರದ ಆ ಕೆಲವು ಸೆಕೆಂಡುಗಳನ್ನು ಬರೀ ಓಟ, ಗಲಾಟೆ ಎಂದು ತೆಗೆದುಹಾಕುವ ಸಂಕಲನಕಾರರು ಇದ್ದೇ ಇರುತ್ತಾರೆ. ದಯವಿಟ್ಟು ಆ ಜಾಗದಲ್ಲಿ ಕೈ ತಡೆಯಿರಿ.

ನಾಲ್ಕು ಮತ್ತು ಐದು ಕೊನೆಯಲ್ಲಿ ಒಂದರ ಹಿಂದೆ ಒಂದು. ತಾನು ಹೇಳದೆಯೇ ತಯಾರಿಕೆ ಶುರುವಾಗಿರುವುದನ್ನು ಕಂಡು ಡಾವ್ರೊಸ್ ಬೆಚ್ಚುತ್ತಾನೆ. ಆರಿಸಿ ಬಾ ಎಂದು ನೈಡರ್‌ನನ್ನು ಕಳಿಸುತ್ತಾನೆ. ಕೈ ಸ್ವಿಚ್ಚು ತಲುಪುವ ಮೊದಲೇ ನೈಡರ್ ಹೆಣ. ಆಮೇಲೆ ಎಲ್ಲವನ್ನೂ ನಾಶಮಾಡುವ ಗುಂಡಿಯತ್ತ ಸ್ವತಃ ಡಾವ್ರೊಸ್‌ನ ಒಂದೇ ಕೈ ಚಾಚುತ್ತದೆ, ಅದೂ ತಲುಪುವುದಿಲ್ಲ. ಎರಡನೇ ಕಂತಿನಲ್ಲಿ ಸಾಧಾರಣ ವಿಜ್ಞಾನಿಯೊಬ್ಬ ಎರಡು ಹೆಜ್ಜೆ ಓಡಿ ಆರಿಸಿದ್ದ ಯಂತ್ರವನ್ನು ಆರನೇ ಕಂತಿನಲ್ಲಿ ಕಟ್ಟಿದವನಿಗೇ ಆರಿಸಲಾಗುವುದಿಲ್ಲ. ನಡುವಿನ ಮೂರು ಕಂತು ಇರುವುದೇ ಈ ದೂರ ಕ್ರಮಿಸುವುದಕ್ಕೆ. (ಮೊದಲ ಕಂತಿನಲ್ಲಿ ಡಾಕ್ಟರ್ ನೆಲಬಾಂಬಿನ ಮೇಲೆ ಕಾಲಿಟ್ಟು ಅಲ್ಲಾಡದೆ ನಿಂತಾಗ ಇನ್ನೊಬ್ಬ ಜೊತೆಗಾರ ಹ್ಯಾರಿ ಅದರ ಅಡಿಗೆ ಕಲ್ಲು ಸಿಕ್ಕಿಸುತ್ತಾನಲ್ಲ, ಅದನ್ನೂ ಸೇರಿಸಿದರೆ ಐದೂವರೆ.)

ನಮ್ಮವರಿಗೆ ಇದನ್ನು ಓದಿದ ಕೂಡಲೇ ಭಸ್ಮಾಸುರ ನೆನಪಾಗುತ್ತಾನೆ. ಸರಿಯೇ, ಆದರೆ ಪಾತ್ರ ಹಂಚುವಾಗ ಎಡವಬಾರದು. ಡಾವ್ರೊಸ್ ಭಸ್ಮಾಸುರ ಅಲ್ಲ, ವರ ಕೊಟ್ಟವನು. ಅಟ್ಟಿಸಿಕೊಂಡು ಬರುವುದು ಡಾಲೆಕ್. ಮೋಹಿನಿಯಾಗಿ ಬರಬೇಕಿದ್ದ ಡಾಕ್ಟರ್ ಕುಣಿಯಲು ಹಿಂಜರಿದ.

ಇನ್ನು ಕತ್ತರಿಯ ಲೆಕ್ಕ. ಆರು ಕಂತು ಸೇರಿ ಸುಮಾರು 150 ನಿಮಿಷ. ನೀವೇ 1975ರ ಡಿಸೆಂಬರ್ 27ರಂದು ಇದನ್ನು 85 ನಿಮಿಷದ ಒಂದೇ ಕಂತಾಗಿ ತೋರಿಸಿದ್ದೀರಿ, ಆದ್ದರಿಂದ ಕತ್ತರಿಯೇ ಅಪಚಾರ ಎಂದು ನಾವು ಹೇಳುವುದಿಲ್ಲ. 75 ನಿಮಿಷವೇ ಮಿತಿ ಎಂದಾದರೆ ನಮ್ಮ ಹಂಚಿಕೆ ಹೀಗೆ: ಮೊದಲ ಕಂತಿಗೆ 14, ಎರಡನೆಯದಕ್ಕೆ 12, ಮೂರನೆಯದಕ್ಕೆ 8, ನಾಲ್ಕಕ್ಕೆ 13, ಐದಕ್ಕೆ 15, ಆರಕ್ಕೆ 13. ಎಲ್ಲಕ್ಕೂ ಸಮಪಾಲು ಹಾಕಿದರೆ ಹನ್ನೆರಡೂವರೆ ಬರುತ್ತದೆ, ಅದು ತಪ್ಪು. ಮೂರನೇ ಕಂತು ಹೆಚ್ಚಾಗಿ ಓಡುವುದು, ಸಿಕ್ಕಿಬೀಳುವುದು, ಮತ್ತೆ ಓಡುವುದು. ಗುಹೆಯಲ್ಲಿ ಡಾವ್ರೊಸ್‌ನ ಕೈಮೀರಿದ ಪ್ರಯೋಗ ಎಂದು ತೋರಿಸುವ ದೈತ್ಯ ಕಪ್ಪೆಚಿಪ್ಪು ಹ್ಯಾರಿಯ ಕಾಲು ಕಚ್ಚುವ ಭಾಗವನ್ನು ಪೂರ್ತಿ ತೆಗೆಯಿರಿ, ಯಾರೂ ಅಳುವುದಿಲ್ಲ. ಕಂಪ್ಯೂಟರಿನಲ್ಲಿ ಹೊಸ ಚಿಪ್ಪು ಮಾಡಿ ಅಂಟಿಸುವ ಆಸೆಯೂ ಬೇಡ; ದೋಷ ರಬ್ಬರಿನದಲ್ಲ, ಬರವಣಿಗೆಯದು. ಥಾಲ್ ರಾಕೆಟ್ಟಿನ ಅಟ್ಟಣಿಗೆಯನ್ನು ಸಾರಾ ಹತ್ತುವ ದೃಶ್ಯವನ್ನು ಅರ್ಧ ಮಾಡಬಹುದು. ಎರಡನೇ ಕಂತಿನ ಕೊನೆಯಲ್ಲಿ ಅವಳು ಬೀಳುವ ಕ್ಷಣಕ್ಕೆ ಚಿತ್ರ ನಿಂತುಬಿಡುತ್ತದೆ. ಕಂತು ಮುಗಿಯುವಾಗ ಚೆಂದ ಕಾಣುವ ಆ ತಂತ್ರ ಒಂದೇ ಓಟದ ಚಿತ್ರದಲ್ಲಿ ತಾಂತ್ರಿಕ ದೋಷದಂತೆ ಕಂಡೀತು, ಅದನ್ನೂ ತೆಗೆಯಿರಿ.

ಮುಟ್ಟಬಾರದ್ದು ಯಾವುದು? ಮೊದಲ ಕಂತಿನ ಮಂಜು, ಮುಖಕ್ಕೆ ಅನಿಲದ ಮುಸುಕು ಹಾಕಿದ ಸೈನಿಕರು ನಿಧಾನಗತಿಯಲ್ಲಿ ಉರುಳುವುದು. ಸರ್ರೆ ಜಿಲ್ಲೆಯ ಬೆಚ್‌ವರ್ತ್ ಕ್ವಾರಿಯಲ್ಲಿ ತೆಗೆದದ್ದು ಅದು. ಬೆನ್ನಿಗೇ ಡಾಕ್ಟರ್ ಕಂದಕದಲ್ಲಿ ಬಿದ್ದ ಸೈನಿಕರ ಸಾಮಾನು ಪರೀಕ್ಷಿಸುತ್ತಾನೆ: ಮೈಮೇಲೆ ಕೃತಕ ನೂಲಿನ ಬಟ್ಟೆಯ ಜೊತೆ ಪ್ರಾಣಿಯ ಚರ್ಮ, ವಿಕಿರಣ ಅಳೆಯುವ ಉಪಕರಣದ ಪಕ್ಕ ಹಳೇ ಕಾಲದ ಬಂದೂಕು. ಸಾವಿರ ವರ್ಷ ಕಾದಾಡಿ ಕಾರ್ಖಾನೆ, ಕಚ್ಚಾ ಮಾಲು ಎಲ್ಲ ಮುಗಿದು ಸೈನ್ಯ ಹಿಂದಿನ ಕಾಲಕ್ಕೆ ಜಾರುತ್ತಿದೆ ಎಂದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ಇದು ಗೊತ್ತಿಲ್ಲದಿದ್ದರೆ ಡಾವ್ರೊಸ್‌ನ ವಾದದ ಹಿಂದಿನ ಒತ್ತಡವೇ ಅರ್ಥವಾಗದು. ಅವನ ವಾದವಾದರೂ ಏನು? ರಾಸಾಯನಿಕ ಅಸ್ತ್ರಗಳಿಂದ ಕಾಲೆಡ್‌ಗಳ ವಂಶವೇ ವಿಕಾರಗೊಳ್ಳುತ್ತಿದೆ, ತಡೆಯಲಾಗದು. ಹಾಗಿದ್ದರೆ ಕೊನೆಯ ರೂಪ ಯಾವುದೆಂದು ಈಗಲೇ ಕಂಡುಹಿಡಿದು ಅದಕ್ಕೊಂದು ವಾಹನ ಕಟ್ಟೋಣ. ಇಲ್ಲಿಯವರೆಗೆ ಅದು ಚಿಕಿತ್ಸೆ.

ಚಿಕಿತ್ಸೆ ಎಲ್ಲಿ ಮುರಿಯುತ್ತದೆ ಎಂಬುದು ಒಂದು ಸಣ್ಣ ಸಂಭಾಷಣೆಯಲ್ಲಿದೆ. ಭ್ರೂಣಗಳಲ್ಲಿ ಇಂಥಿಂಥ ಬದಲಾವಣೆ ಮಾಡಿ ಎಂದು ಡಾವ್ರೊಸ್ ಗಾರ್ಮನ್‌ಗೆ ಹೇಳುತ್ತಾನೆ. ಹಾಗೆ ಮಾಡಿದರೆ ಮನಸ್ಸಿನಲ್ಲಿ ದೊಡ್ಡ ದೋಷ ಉಳಿಯುತ್ತದಲ್ಲ, ಸರಿ ತಪ್ಪಿನ ಅರಿವಾಗಲಿ ಕನಿಕರವಾಗಲಿ ಇಲ್ಲದ ಜೀವಿ ಹುಟ್ಟುತ್ತದಲ್ಲ ಎನ್ನುತ್ತಾನೆ ಗಾರ್ಮನ್. ಅದು ದೋಷವಲ್ಲ, ಸುಧಾರಣೆ. ಹೇಳಿದಷ್ಟು ಮಾಡಿಸು ಎಂಬುದು ಉತ್ತರ. ಕೂಗಾಟವಿಲ್ಲ, ಸಂಗೀತವಿಲ್ಲ. ಯಾವ ಕಚೇರಿಯಲ್ಲಾದರೂ ಮೇಲಿನವರು ಕಡತ ವಾಪಸು ಮಾಡುವಾಗ ಆಡುವ ದನಿ. ನಮ್ಮ ಪ್ರಕಾರ ಡಾಲೆಕ್ ಹುಟ್ಟಿದ್ದು ಈ ಕ್ಷಣದಲ್ಲಿ. ಒಂದು ಫ್ರೇಮ್ ಕೂಡ ಕದಲಿಸಬೇಡಿ, ಹಿನ್ನೆಲೆಗೆ ಹೊಸ ಸಂಗೀತ ತುರುಕಬೇಡಿ.

ಇದರ ಜೊತೆ ಉಳಿಯಬೇಕಾದ್ದು ಆಡಳಿತದ ಭಾಗ, ಸಂಕಲನಕಾರರಿಗೆ ಮೊದಲು ಬೇಜಾರು ತರಿಸುವುದೂ ಇದೇ. ಕಾಲೆಡ್ ಸರ್ಕಾರದ ಮೊಗ್ರನ್ ತನಿಖೆಗೆ ಆದೇಶಿಸಿ ಕೆಲಸ 24 ಗಂಟೆ ನಿಲ್ಲಿಸಿ ಎನ್ನುತ್ತಾನೆ. ಡಾವ್ರೊಸ್ ವಿನಯದಿಂದ ಒಪ್ಪಿಕೊಂಡು, ನೈಡರ್ ಜೊತೆ ನೇರ ಶತ್ರುವಿನ ಊರಿಗೆ ಹೋಗಿ, ಕಾಲೆಡ್ ಗುಮ್ಮಟವನ್ನು ದುರ್ಬಲಗೊಳಿಸುವ ರಾಸಾಯನಿಕ ಸೂತ್ರವನ್ನು ಥಾಲ್‌ಗಳ ಕೈಗೆ ಕೊಡುತ್ತಾನೆ. ತನಿಖೆ ತಪ್ಪಿಸಿಕೊಳ್ಳಲು ತನ್ನ ಊರನ್ನೇ ರಾಕೆಟ್ಟಿಗೆ ಒಪ್ಪಿಸಿದವನು ಅವನು. ಊರು ಉರಿದ ಮೇಲೆ ಅದೇ ಥಾಲ್‌ಗಳ ಮೇಲೆ ಸೇಡಿಗೆಂದು ಡಾಲೆಕ್‌ಗಳನ್ನು ಬಿಡುತ್ತಾನೆ. ಆಮೇಲೆ ಗಾರ್ಮನ್ ಬಣ ದಂಗೆಯೆದ್ದಾಗ ಪ್ರತಿರೋಧ ತೋರದೆ, ಸಭೆ ಸೇರಿಸೋಣ, ಮತ ಹಾಕೋಣ ಎನ್ನುತ್ತಾನೆ. ಮತದಾನ ನಡೆಯುವುದು ಥಾಲ್ ಊರಿಗೆ ಹೋದ ಡಾಲೆಕ್‌ಗಳು ಹಿಂತಿರುಗುವಷ್ಟು ಸಮಯ ಸಿಗಲಿ ಎಂದು. ಯಾರು ಯಾವ ಕಡೆ ನಿಂತರು ಎಂದು ಕಣ್ಣಾರೆ ಕಾಣುವುದೂ ಒಂದು ಅನುಕೂಲ. ನೈಡರ್‌ನ ಕರಿ ಸಮವಸ್ತ್ರ, ಹಿಮ್ಮಡಿ ಬಡಿಯುವ ಸೆಲ್ಯೂಟು ನೋಡಿ ಇದು ನಾಜಿಗಳ ರೂಪಕ ಎಂದು ಎಲ್ಲರೂ ಬರೆದಿದ್ದಾರೆ. ಕೆಲವು ದೃಶ್ಯಗಳಲ್ಲಿ ಅವನ ಕೊರಳಲ್ಲಿ ಜರ್ಮನ್ ಐರನ್ ಕ್ರಾಸ್ ಪದಕವೇ ನೇತಾಡುತ್ತದೆ, ಆಮೇಲೆ ಮಾಯ. ಸಮವಸ್ತ್ರ ಕಣ್ಣಿಗೆ ಹೊಡೆಯುವಂಥದು. ಈ ಸಭೆ, ಈ ತನಿಖೆ, ಈ 24 ಗಂಟೆ ಹಾಗಲ್ಲ, ಆದ್ದರಿಂದಲೇ ಕತ್ತರಿಗೆ ಮೊದಲು ಸಿಗುತ್ತವೆ.

ಕುರ್ಚಿಯ ವಿಷಯಕ್ಕೆ ಬರೋಣ. ದುಷ್ಟನೆಂದರೆ ಅಂಗವಿಕಲ, ಮುಖ ಸುಟ್ಟವನು, ಗಾಲಿಕುರ್ಚಿಯವನು ಎಂದು ತೋರಿಸುವ ಹಳೇ ಚಾಳಿ ನಿಲ್ಲಬೇಕು ಎಂದು 2023ರಲ್ಲಿ ಧಾರಾವಾಹಿಯ ಹೊಣೆ ಹೊತ್ತಿದ್ದ ರಸೆಲ್ ಟಿ ಡೇವಿಸ್ ಕೊಟ್ಟ ಕಾರಣವನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮಂಥರೆಗೆ ಗೂನು, ಟೀವಿಯ ಶಕುನಿಗೆ ಕುಂಟು ಎಂಬ ಲೆಕ್ಕದಲ್ಲಿ ಬೆಳೆದವರು ನಾವೂ. ರೋಗ ಇದೆ. ಔಷಧಿ ಮಾತ್ರ ತಪ್ಪು ಬಾಟಲಿಯದು.

ಯಾಕೆಂದರೆ 1975ರ ಕಥೆಯೊಳಗೇ ಇದಕ್ಕೆ ಉತ್ತರವಿದೆ. ಕಂದಕಗಳ ಆಚೆಯ ಬಂಜರಿನಲ್ಲಿ ‘ಮ್ಯೂಟೊ’ಗಳು ಅಲೆಯುತ್ತವೆ: ಯುದ್ಧದ ವಿಷದಿಂದ ಮೈ ವಿಕಾರವಾದವರು. ಜನಾಂಗ ಶುದ್ಧವಾಗಿರಲಿ ಎಂದು ಕಾಲೆಡ್‌ಗಳು ಅಂಥವರನ್ನು ಊರಿಂದ ಹೊರಗಟ್ಟಿದ್ದಾರೆ. ಈ ಕಾನೂನಿನ ಊರಲ್ಲಿ ಅತಿ ದೊಡ್ಡ ಅಧಿಕಾರ ಇರುವುದು ಕಣ್ಣು ಕಾಣದ, ಒಂದೇ ಕೈ ಆಡುವ, ಯಂತ್ರದ ಆಸರೆಯಿಲ್ಲದೆ ಕ್ಷಣವೂ ಬದುಕಲಾರದ ಡಾವ್ರೊಸ್‌ಗೆ! ಅವನದೇ ನಿಯಮ ಅವನಿಗೇ ಅನ್ವಯಿಸಿದರೆ ಅವನಿರಬೇಕಾದ ಜಾಗ ಬಂಜರು. ಶುದ್ಧಿಯ ಮಾತು ಎಷ್ಟು ಟೊಳ್ಳು ಎಂದು ಯಾರೂ ಬಾಯಿಬಿಟ್ಟು ಹೇಳದೆ ಕುರ್ಚಿಯೇ ಹೇಳುತ್ತದೆ. ಇನ್ನೊಂದು ಕಡೆ ಸೆವ್ರಿನ್ ಎಂಬ ಮ್ಯೂಟೊ ಇದ್ದಾನೆ. ತನ್ನ ಜೊತೆಗಾರನೇ ಸಾರಾಳನ್ನು ಕೊಲ್ಲೋಣ ಅಂದಾಗ ಬೇಡ ಅನ್ನುವವನು, ಥಾಲ್ ಹೆಣ್ಣು ಬೆಟ್ಟನ್ ಜೊತೆ ಸೇರಿ ಕೊನೆಗೆ ನೆಲಮಾಳಿಗೆಯ ಬಾಯಿ ಸ್ಫೋಟಿಸಿ ಮುಚ್ಚಲು ನೆರವಾಗುವವನು. ಡಾವ್ರೊಸ್‌ನನ್ನು ಎಬ್ಬಿಸಿ ನಿಲ್ಲಿಸುವ ಬದಲು ಸೆವ್ರಿನ್‌ನನ್ನು ಮುಂದಕ್ಕೆ ತನ್ನಿ. ಕತ್ತರಿಸುವಾಗ ಮೊದಲು ಹೋಗುವುದು ಅವನ ಪಾತ್ರ. ಅವನು ಹೋಗಿ ಕುರ್ಚಿ ಉಳಿದರೆ ಡೇವಿಸ್ ಅಂಜಿದ್ದೇ ನಿಜವಾಗುತ್ತದೆ.

ಯಂತ್ರದ ದೃಷ್ಟಿಯಿಂದಲೂ ಕುರ್ಚಿ ಬೇಕು. ಅದರ ಕೆಳಭಾಗ ಡಾಲೆಕ್‌ನ ಕೆಳಭಾಗವೇ, ಅದೇ ಇಳಿಜಾರು, ಅದೇ ಅರ್ಧಗೋಲಗಳು. ನಡೆಯಲಾಗದ ದೇಹಕ್ಕೆ ವಾಹನ ಕಟ್ಟುವ ಉಪಾಯವನ್ನು ಅವನು ಮೊದಲು ಪ್ರಯೋಗಿಸಿದ್ದು ತನ್ನ ಮೇಲೆ. ಅವನು ಇಬ್ಬಗೆಯ ನಡುವಿನವನು, ಮೇಲೆ ಕಾಲೆಡ್, ಕೆಳಗೆ ಡಾಲೆಕ್. ಎರಡನೆಯ ಸ್ವಿಚ್ಚು ಇರುವುದೂ ಇದೇ ಕುರ್ಚಿಯ ಮೇಲೆ, ಕುರ್ಚಿ ಹೋದರೆ ಐದನೇ ಕಂತಿನ ಬೆನ್ನೆಲುಬೇ ಹೋಯಿತು. ವಿಷರ್‌ಗೆ ಜಾನ್ ಫ್ರೀಡ್‌ಲ್ಯಾಂಡರ್ ಮಾಡಿದ ಮುಖವಾಡದಡಿ ಕಣ್ಣಿಲ್ಲ, ಹುಬ್ಬಿಲ್ಲ. ಉಳಿದದ್ದು ದನಿ ಮತ್ತು ಒಂದು ಕೈ. ಅದಕ್ಕೇ ಅವರು ತಾಲೀಮಿನಲ್ಲಿ ತಲೆಗೆ ಕಾಗದದ ಚೀಲ ಹಾಕಿಕೊಂಡು ಅಭ್ಯಾಸ ಮಾಡಿದರು. ವೈರಸ್ ದೃಶ್ಯದಲ್ಲಿ ಬೆರಳುಗಳು ಮುಚ್ಚಿಕೊಳ್ಳುವ ರೀತಿ ಆ ಚೀಲದೊಳಗೆ ಹುಟ್ಟಿದ್ದು ಅನ್ನಿಸುತ್ತದೆ.

ಬಾಲ್ಯದ ಬಗ್ಗೆ ಚುಟುಕಾಗಿ: ಇನ್ನು ಬೇಡ. 2015ರಲ್ಲಿ ಕೈಗಳೇ ಬಾಂಬಾದ ಬಯಲಿನಲ್ಲಿ ಸಿಕ್ಕಿಕೊಂಡ ಹುಡುಗ ಡಾವ್ರೊಸ್‌ನನ್ನು ತೋರಿಸಿದಿರಿ. ಆ ಕೈಗಳ ಕಲ್ಪನೆ ಭಯಂಕರ ಚೆನ್ನಾಗಿತ್ತು. ಆದರೆ ಒಬ್ಬನ ಗಾಯದಿಂದ ಡಾಲೆಕ್ ಹುಟ್ಟಿತು ಎಂದು ಹೇಳತೊಡಗಿದರೆ ಗಾರ್ಮನ್, ಮೊಗ್ರನ್, ನೈಡರ್ ಎಲ್ಲ ಗೋಡೆಯ ಚಿತ್ರಗಳಾಗುತ್ತಾರೆ. 2023ರ ಕಿರುಕಥೆಯಲ್ಲಿ ಹೆಸರನ್ನೂ ಸಿಂಕು ಕಟ್ಟಿಕೊಂಡಾಗ ಒತ್ತುವ ರಬ್ಬರ್ ಬಟ್ಟಲನ್ನೂ ಡಾಕ್ಟರನೇ ಅರಿಯದೆ ಕೊಟ್ಟುಬಿಡುತ್ತಾನೆ. ದೇಣಿಗೆ ಕಾರ್ಯಕ್ರಮದ ತಮಾಷೆ, ನಕ್ಕೆವು. ಅದನ್ನು ಇತಿಹಾಸಕ್ಕೆ ಸೇರಿಸಬೇಡಿ. ಹುಟ್ಟಿನ ಕಥೆಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬ ಚಿಂತೆಯೂ ಬೇಡ. 1963ರಲ್ಲಿ ಡಾಲೆಕ್‌ಗಳ ಪೂರ್ವಜರು ‘ಡಾಲ್’ಗಳು, ಪಾಠ ಹೇಳುವ ತತ್ವಜ್ಞಾನಿಗಳು, ಯುದ್ಧಪ್ರಿಯರಾಗಿದ್ದವರು ಥಾಲ್‌ಗಳು. 1965ರ ಮಕ್ಕಳ ಚಿತ್ರಕಥೆಯಲ್ಲಿ ಯಂತ್ರ ಕಟ್ಟಿದವನ ಹೆಸರು ಯಾರ್ವೆಲಿಂಗ್. ನಮ್ಮಲ್ಲಿ ಒಂದೇ ದೇವರಿಗೆ ಹತ್ತು ಸ್ಥಳಪುರಾಣ ಇರುತ್ತವೆ. ಯಾರೂ ಕೂತು ಹೊಲಿಗೆ ಹಾಕುವುದಿಲ್ಲ.

ಹೆಸರಿನ ಪಟ್ಟಿಯ ಬಗ್ಗೆ ಒಂದು ಕೋರಿಕೆ. ಡಾಲೆಕ್‌ಗೆ ರೂಪ ಕೊಟ್ಟವರು ಬಿಬಿಸಿಯ ವಿನ್ಯಾಸಕ ರೇಮಂಡ್ ಕ್ಯೂಸಿಕ್. ಒಳಗೆ ಕೂತ ಮನುಷ್ಯನ ಸುತ್ತ ಗೆರೆ ಎಳೆದು ಶುರುಮಾಡಿದ ವಿನ್ಯಾಸ ಅದು. ಕಾಲು ಕಂಡರೆ ವೇಷಧಾರಿ ಎಂದು ಗೊತ್ತಾಗುತ್ತದೆ, ಆದ್ದರಿಂದ ಕಾಲೇ ಕಾಣಬಾರದು. ಒಳಗಿನವನು ಕೂತು ಕಾಲಲ್ಲಿ ನೆಲ ಒದ್ದು ಸಣ್ಣ ಚಕ್ರಗಳ ಮೇಲೆ ಜಾರಬೇಕು. ಸ್ಟುಡಿಯೋದ ನುಣುಪು ನೆಲದಲ್ಲಿ ಅದು ತೇಲುತ್ತದೆ. ಒಂದು ಕೇಬಲ್ ಅಡ್ಡ ಬಂದರೆ, ಹೊಸಿಲು ಸಿಕ್ಕರೆ, ಮರಳು ಜಲ್ಲಿ ಇದ್ದರೆ ನಿಂತೇಬಿಡುತ್ತದೆ. ಮೊದಲ ಕಥೆಯಲ್ಲಿ ಅವು ಲೋಹದ ನೆಲದ ಸ್ಥಾಯಿ ವಿದ್ಯುತ್ತಿನಿಂದ ಓಡುತ್ತವೆ. ಕಣ್ಣಿಗೆ ಕೆಸರು ಮೆತ್ತಿ, ಬಟ್ಟೆಯ ಮೇಲೆ ತಳ್ಳಿ, ನೆಲದ ಸಂಪರ್ಕ ತಪ್ಪಿಸಿದರೆ ಸತ್ತ ಡಬ್ಬ. ಸಂಬಳದ ನೌಕರರಾದ್ದರಿಂದ ಕ್ಯೂಸಿಕ್‌ರಿಗೆ ಆ ರೂಪದಿಂದ ಬಂದ ಆದಾಯದಲ್ಲಿ ಪಾಲಿರಲಿಲ್ಲ. ಹಕ್ಕು ಇದ್ದದ್ದು ಬರೆದ ನೇಷನ್‌ರಿಗೆ. ಹೊಸ ಆವೃತ್ತಿಯ ಶುರುವಿನಲ್ಲಿ ಕ್ಯೂಸಿಕ್ ಹೆಸರು ನೇಷನ್ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಬರಲಿ. ಕೊನೆಯ ಓಡುವ ಪಟ್ಟಿಯಲ್ಲಲ್ಲ.

ದನಿಯನ್ನು ಮತ್ತೆ ಮುದ್ರಿಸಬೇಡಿ. ಡಾಲೆಕ್ ದನಿ ಹುಟ್ಟುವುದು ರಿಂಗ್ ಮಾಡ್ಯುಲೇಟರ್‌ನಲ್ಲಿ: ನಟನ ಮಾತನ್ನು ಸೆಕೆಂಡಿಗೆ ಸುಮಾರು 30 ಕಂಪನದ ಇನ್ನೊಂದು ಅಲೆಯಿಂದ ಗುಣಿಸುತ್ತದೆ. 200 ಹರ್ಟ್ಸ್‌ನ ಸ್ವರ ಒಳಗೆ ಹೋದರೆ ಹೊರಗೆ ಬರುವುದು 170 ಮತ್ತು 230. ಮೂಲ ಸ್ವರವೇ ಇರುವುದಿಲ್ಲ. ಆ ನಡುಕ ಕೇಳಿಸಬೇಕಾದರೆ ಸ್ವರಾಕ್ಷರ ಎಳೆಯಬೇಕು, ರಾಗ ಏರಿಳಿಯಬಾರದು, ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಬೀಳಬೇಕು. ವ್ಯಂಜನ ರಾಶಿಬಿದ್ದರೆ ಬರೀ ಗರಗರ. 1975ರಲ್ಲಿ ಒಳಗಿನವನು ಬೇರೆ, ದನಿ ಕೊಡುವವನು ಬೇರೆ. ಮಾತಿಗೆ ಸರಿಯಾಗಿ ತಲೆಯ ದೀಪ ಮಿನುಗಿದರೆ ಮಾತ್ರ ಯಾವ ಡಾಲೆಕ್ ಮಾತಾಡುತ್ತಿದೆ ಎಂದು ಗೊತ್ತಾಗುತ್ತದೆ. ಹೊಸ ದನಿ ಸೇರಿಸಿದರೆ ದೀಪ ಒಂದು ಕಡೆ, ಮಾತು ಒಂದು ಕಡೆ. ಅಂದಹಾಗೆ ಮಾತೆಲ್ಲ ಸ್ವರದಲ್ಲೇ ಮುಗಿಯುವ ಕನ್ನಡಕ್ಕೆ ಈ ಯಂತ್ರ ಹೇಳಿ ಮಾಡಿಸಿದಂತಿದೆ. ಮನೆಯಲ್ಲಿ ಯಾವುದಾದರೂ ರಿಂಗ್ ಮಾಡ್ಯುಲೇಟರ್ ಆ್ಯಪ್‌ನಲ್ಲಿ ‘ಎಲ್ಲರೂ ಸಾಯಬೇಕು’ ಎಂದು ಎಳೆದು ಹೇಳಿ ನೋಡಿದವರಿಗೆ ಗೊತ್ತು.

ಅದಕ್ಕೇ ಕೊನೆಯದಾಗಿ ಸಬ್‌ಟೈಟಲ್. ಮುಂದೊಂದು ದಿನ ಕನ್ನಡಕ್ಕೂ ಹಾಕಿಸುವಿರಾದರೆ, ಆರನೇ ಕಂತಿನ ಕೊನೆಯಲ್ಲಿ ತನ್ನ ಸಹೋದ್ಯೋಗಿಗಳ ಜೀವಕ್ಕಾಗಿ ಡಾವ್ರೊಸ್ ಬೇಡಿಕೊಳ್ಳುವ ಪದ, ಡಾಲೆಕ್ ತನ್ನ ಶಬ್ದಭಂಡಾರದಲ್ಲಿ ಹುಡುಕಿ ಇಲ್ಲವೆನ್ನುವ ಪದ ಬರುತ್ತದೆ. ‘ದಯೆ’ ಎಂದು ಹಾಕಬೇಡಿ. ನಮಗೆ ಕೂಡಲೇ ವಚನ ನೆನಪಾಗಿ ದೃಶ್ಯ ಪ್ರವಚನವಾಗುತ್ತದೆ. ‘ಅನುಕಂಪ’ ಸರ್ಕಾರಿ ನೌಕರಿಯ ಆದೇಶದ ಭಾಷೆ. ‘ಕರುಣೆ’ಯನ್ನು 2015ರ ಕಥೆಗೆ ಉಳಿಸಿ, ಅಲ್ಲಿ ಡಾಲೆಕ್‌ಗೆ ಗೊತ್ತಿರುವುದು ಬೇರೆಯದೇ ಪದ, ಎರಡಕ್ಕೂ ಒಂದೇ ಮಾತು ಬಳಸಿದರೆ ಒಂದು ಕಥೆ ಇನ್ನೊಂದನ್ನು ಸುಳ್ಳು ಮಾಡುತ್ತದೆ. ‘ಕನಿಕರ’ ಎಂದು ಹಾಕಿಸಿ. ಗಾರ್ಮನ್‌ನ ಆಕ್ಷೇಪದಲ್ಲೂ ಅದೇ ಪದ ಇರಲಿ, ಬೇಡ ಎಂದು ತೆಗೆಸಿಹಾಕಿದ್ದು ಇದನ್ನೇ ಎಂದು ನೋಡುವವರಿಗೆ ಕಿವಿಯಲ್ಲಿ ಉಳಿಯುವಂತೆ. ನಾಲ್ಕೂ ಬಿಡಿ ಅಕ್ಷರ, ನಾಲ್ಕರಲ್ಲೂ ಸ್ವರ: ಕ, ನಿ, ಕ, ರ. ಡಾಲೆಕ್ ಬಾಯಲ್ಲಿ ಚೆನ್ನಾಗಿ ಕೂರುತ್ತದೆ.

ಇಂತಿ,
ಕನ್ನಡದ ಕೆಲವು ನೋಡುಗರು